ಹರೆಯದವರ ಮನೋವ್ಯಾಧಿಯೂ ಕ್ರೈಸ್ತಸಭೆಗಳೂ

ಉನ್ಮಾದವೆಂಬ ಶಬ್ದವನ್ನು ನಾನು ಮೊದಲು ಕಲಿತದ್ದು ಪಾಠಶಾಲೆಯಲ್ಲಿ, ಅಲಂಕಾರಶಾಸ್ತ್ರದ ೩೩ ವ್ಯಭಿಚಾರಿಭಾವಗಳ ಪಟ್ಟಿಯೊಳಗೆ. ಉನ್ಮಾದ, ಅಪಸ್ಮಾರ, ವ್ಯಾಧಿ ಇವೆಲ್ಲ ಅಲ್ಲಿ ವಿರಹಿಗಳ ವರ್ಣನೆಗೆ ಒದಗತಕ್ಕ ಸಾಮಗ್ರಿಗಳು. ನಾವು ಹುಡುಗರು ಗಿಣಿಗಳಂತೆ ಅವನ್ನು ಒಪ್ಪಿಸಿ ಗುರುಗಳಿಂದ ಭೇಷ್ ಎನ್ನಿಸಿಕೊಂಡೆವು. ಆ ಶಬ್ದದ ಅರ್ಥವು ಒಂದು ಮನೆಯ ಅಡಿಗೆಮನೆಯಲ್ಲಿ, ಒಬ್ಬ ತಾಯಿಯ ಮುಖದಲ್ಲಿ ಹೇಗಿರುತ್ತದೆಂಬುದು ತಿಳಿದದ್ದು ಬಹುಕಾಲದ ಮೇಲೆ, ಪ್ರೌಢಶಾಲೆಯಲ್ಲಿ ನನ್ನೊಡನೆ ಗಣಿತವನ್ನು ಕಲಿಸುತ್ತಿದ್ದ ಕ್ರೈಸ್ತಮಿತ್ರರೊಬ್ಬರ ಮಗನ ದೆಸೆಯಿಂದ.

ಸಂಸ್ಕೃತ ಕಲಿತವನಿಗೆ ಕ್ರೈಸ್ತಸಭೆಗಳ ಗೊಡವೆಯೇಕೆಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ನಾನು ಜೀವಮಾನವೆಲ್ಲ ಕನ್ನಡವನ್ನು ಕಲಿಸಿದ್ದು ಮಂಗಳೂರಿನ ಬಾಸೆಲ್ ಮಿಷನ್ನಿನವರು ೧೮೯೪ರಲ್ಲಿ ಪ್ರಕಟಿಸಿದ ಕಿಟ್ಟೆಲ್ ಮಹಾಶಯರ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು. ಆ ಋಣವೂ ಇದೆ, ಸ್ನೇಹವೂ ಇದೆ. ಒಂದು ಮತದವರ ದೋಷವನ್ನೆಣಿಸುವ ಇಚ್ಛೆ ನನಗಿಲ್ಲವೆಂಬುದು ಮುಂದೆ ಓದಿದವರಿಗೆ ತಾನಾಗಿ ಕಾಣುವುದು.

ಹುಡುಗನಿಗೆ ಆಗ ಹತ್ತೊಂಬತ್ತು ವರ್ಷ. ಕಾಲೇಜಿನ ಎರಡನೆಯ ತರಗತಿ. ಮೊದಲು ಕೆಟ್ಟದ್ದು ಅಕ್ಷರ. ಮುತ್ತು ಪೋಣಿಸಿದಂತೆ ಬರೆಯುತ್ತಿದ್ದವನ ಪುಸ್ತಕದಲ್ಲಿ ಸಾಲುಗಳು ಮೇಲಕ್ಕೂ ಕೆಳಕ್ಕೂ ಹರಿದವು. ಆ ಮೇಲೆ ಹಗಲು ರಾತ್ರಿಗಳು ಅದಲುಬದಲಾದವು, ಸ್ನಾನ ನಿಂತಿತು, ಗೆಳೆಯರು ಬಂದರೆ ಹಿಂದಿನ ಬಾಗಿಲಿನಿಂದ ಹೊರಟುಹೋಗುವುದಾಯಿತು. ಉಪಾಧ್ಯಾಯರು ಇದನ್ನು ಸೋಮಾರಿತನವೆಂದರು, ತಂದೆಯು ಅಹಂಕಾರವೆಂದರು, ಸಭೆಯ ಹಿರಿಯರು ವಿಶ್ವಾಸದಿಂದ ಜಾರಿದ್ದಾನೆಂದರು. ಒಂದೊಂದು ಹೆಸರೂ ವೈದ್ಯನ ಮನೆಯನ್ನು ಒಂದೊಂದು ಗಾವುದ ದೂರ ಮಾಡಿತು. ಕೊನೆಗೊಂದು ದಿನ, ಯಾರೂ ಇಲ್ಲದ ಕೋಣೆಯಲ್ಲಿ ತನ್ನನ್ನು ಯಾರೋ ನಿಂದಿಸುತ್ತಿದ್ದಾರೆಂದು ಅವನು ಹೇಳಿದನು. ಆ ಧ್ವನಿಯು ಸೈತಾನನ ಹೆಸರು ಹೇಳುತ್ತಿದ್ದಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ವ್ಯಾಧಿಯು ತನಗೆ ಬೇಕಾದ ಉಡುಪನ್ನು ಮನೆಯ ಪೆಟ್ಟಿಗೆಯಿಂದಲೇ ತೆಗೆದುಕೊಳ್ಳುತ್ತದೆ. ವೇದಪುಸ್ತಕವನ್ನೋದುವ ಮನೆಯಲ್ಲಿ ಅದು ಸೈತಾನನಾಗಿ ಮಾತನಾಡುವುದು, ಅಗ್ರಹಾರದಲ್ಲಿ ಬ್ರಹ್ಮರಾಕ್ಷಸನಾಗುವುದು, ತುಳುನಾಡಿನಲ್ಲಿ ಮುನಿದ ಭೂತವಾಗುವುದು. ದೇವರ ಹೆಸರನ್ನೇ ಕೇಳದ ಮನೆಗಳಲ್ಲಿ ಪೊಲೀಸಿನವರೂ ಯಂತ್ರಗಳೂ ಆಗಿ ಹಿಂಬಾಲಿಸುವುದುಂಟು. ಉಡುಪನ್ನು ನೋಡಿ ಮಂತ್ರವಾದಿಯನ್ನೋ ಬೋಧಕರನ್ನೋ ಕರೆಯುವವರು ಒಳಗಿರುವ ರೋಗಿಯನ್ನು ಕಾಣದೆ ಹೋಗುತ್ತಾರೆ.

ಹದಿನಾಲ್ಕು ತಿಂಗಳು ಆ ಕುಟುಂಬವು ಪ್ರಾರ್ಥನಾಕೂಟದಿಂದ ಪ್ರಾರ್ಥನಾಕೂಟಕ್ಕೆ ಅಲೆಯಿತು. ಒಂದು ಕಡೆ ಉಪವಾಸವನ್ನು ಹೇರಿದರು. ನಿದ್ದೆಯಿಲ್ಲದ ದೇಹಕ್ಕೆ ಅನ್ನವೂ ಇಲ್ಲವಾಯಿತು. ಇನ್ನೊಂದು ಕಡೆ ರಾತ್ರಿ ಕಾಲಿಗೆ ಹಗ್ಗ ಬಿಗಿದರು. ಮಾತ್ರೆ ನುಂಗುವುದು ಅವಿಶ್ವಾಸದ ಲಕ್ಷಣವೆಂದು ಬೋಧಿಸಿದವರೂ ಇದ್ದರು. ಹಾಗೆ ಬೋಧಿಸಿದವರ ಮೂಗಿನ ಮೇಲೆ ಕನ್ನಡಕವಿದ್ದುದನ್ನು ನಾನೇ ಕಂಡಿದ್ದೇನೆ. ಕಡೆಗೆ ಆ ತಾಯಿಯೇ, ಯಾರನ್ನೂ ಕೇಳದೆ, ನನ್ನನ್ನು ಜೊತೆಗೆ ಕರೆದುಕೊಂಡು ಮಗನನ್ನು ಬೆಂಗಳೂರಿನ ಮನೋವೈದ್ಯರಲ್ಲಿಗೆ ಒಯ್ದರು. ಆರೇಳು ವಾರಗಳಲ್ಲಿ ಧ್ವನಿಗಳು ದೂರವಾದವು. ಅವನಿಗೆ ಪದವಿ ಬರಲಿಲ್ಲ. ಒಂದು ಅಂಗಡಿಯಲ್ಲಿ ಲೆಕ್ಕ ಬರೆದುಕೊಂಡು ಮರ್ಯಾದೆಯಿಂದ ಇದ್ದಾನೆ. ಆ ಹದಿನಾಲ್ಕು ತಿಂಗಳು ಉಳಿದಿದ್ದರೆ ಏನಾಗುತ್ತಿತ್ತೋ ಹೇಳಬಲ್ಲವರಾರು? ಚಿಕಿತ್ಸೆಯಿಲ್ಲದೆ ಕಳೆದ ಕಾಲವು ಹೆಚ್ಚಿದಷ್ಟೂ ಚೇತರಿಕೆ ಕಷ್ಟವಾಗುವುದೆಂಬುದು ವೈದ್ಯರ ಅನುಭವ. ವಯಸ್ಸಾದವರಲ್ಲಿ ಕಾಣುವ ಮನೋವ್ಯಾಧಿಗಳಲ್ಲಿ ಅರ್ಧದಷ್ಟು ಹದಿನಾಲ್ಕನೆಯ ವರ್ಷದೊಳಗೇ ಮೊಳೆತಿರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಎಂದರೆ ಅವು ಶಾಲೆಯ ಬೆಂಚಿನ ಮೇಲೆ, ಭಾನುವಾರದ ಪಾಠದ ಸಾಲಿನಲ್ಲಿ ಕುಳಿತಿರುವಾಗಲೇ ಆರಂಭವಾಗತಕ್ಕವು.

ಮಿತ್ರರ ಮನೆಯಲ್ಲಿ ಈ ವಿಷಯವಾಗಿ ವಾದವೆದ್ದಾಗ ನಾನು ವೈದ್ಯಗ್ರಂಥವನ್ನು ತೆಗೆಯಲಿಲ್ಲ. ಅವರ ಸತ್ಯವೇದವನ್ನೇ ಕೇಳಿ ತೆಗೆಸಿದೆನು. ಎಲೀಯನೆಂಬ ಪ್ರವಾದಿಯು ರಾಣಿಯ ಭಯದಿಂದ ಅರಣ್ಯಕ್ಕೆ ಓಡಿ, ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ಸಾಯುವಂತಾಗಲಿ ಎಂದು ಬೇಡಿಕೊಂಡು ನಿದ್ದೆಹೋಗುತ್ತಾನೆ. ದೇವದೂತನು ಬಂದು ಮಾಡಿದ್ದೇನು? ಅವಿಶ್ವಾಸಿಯೆಂದು ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಮತ್ತೆ ಮಲಗಿದವನನ್ನು ಎಬ್ಬಿಸಿ ಮತ್ತೆ ತಿನ್ನಿಸಿದನು. ದೇವರ ಪ್ರಶ್ನೆ ಬರುವುದು ನಲವತ್ತು ದಿನಗಳಾದ ಮೇಲೆ. ಯೋಬನ ಗೆಳೆಯರನ್ನಾದರೂ ನೋಡಿರಿ: ಏಳು ದಿನ ಮೌನವಾಗಿ ನೆಲದ ಮೇಲೆ ಅವನೊಡನೆ ಕುಳಿತಿದ್ದಾಗ ಅವರಂಥ ಸ್ನೇಹಿತರಿಲ್ಲ, ಬಾಯಿ ತೆರೆದು, ನೀನೇನೋ ಪಾಪ ಮಾಡಿರಬೇಕೆಂದು ತರ್ಕ ಹೂಡಿದ್ದೇ ಕೆಟ್ಟಿತು. ಆ ಗ್ರಂಥದ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಈ ತಾರ್ಕಿಕರ ಮೇಲೆ. ಮಿತ್ರರು ಬಹಳ ಹೊತ್ತು ಪುಟವನ್ನು ತಿರುವದೆ ಹಾಗೆಯೇ ಕುಳಿತಿದ್ದರು.

ನಮ್ಮವರು ನಗುವುದಕ್ಕೆ ಎಡೆಯಿಲ್ಲ. ಚರಕನು ದೋಷಗಳಿಂದ ಹುಟ್ಟಿದ ಉನ್ಮಾದವನ್ನೂ ಹೊರಗಿನಿಂದ ಬಂದ ಆಗಂತು ಉನ್ಮಾದವನ್ನೂ ಬೇರ್ಪಡಿಸಿ ಹೇಳಿದ್ದಾನೆ. ಆದರೂ ನಿದಾನಸ್ಥಾನದಲ್ಲಿ, ತನ್ನಿಂದಲೇ ಕ್ಲೇಶಪಡದವನನ್ನು ದೇವತೆಗಳಾಗಲಿ ರಾಕ್ಷಸರಾಗಲಿ ಪೀಡಿಸರೆಂದು ಅವನೇ ಹೇಳಿ, ಪ್ರಜ್ಞಾಪರಾಧವನ್ನು ಮೂಲವಾಗಿಸುತ್ತಾನೆ. ದೇವತೆಗಳನ್ನು ದೂರುವುದು ಇದರಿಂದ ತಪ್ಪಿತು, ಸಂತೋಷ. ಆದರೆ ಅಪರಾಧವೆಂಬ ಮಾತು ರೋಗಿಯ ತಲೆಯ ಮೇಲೆ ಬೀಳುವುದು ಇಂದಿನ ತಿಳಿವಳಿಕೆಗೆ ಒಪ್ಪದು. ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತಮುತ್ತ ಖಾಸಗಿಯವರು ನಡೆಸುತ್ತಿದ್ದ ಗುಡಿಸಲೊಂದರಲ್ಲಿ, ೨೦೦೧ರ ಆಗಸ್ಟ್ ೬ರಂದು ಬೆಂಕಿ ಬಿದ್ದಾಗ ಸರಪಣಿ ಬಿಗಿಸಿಕೊಂಡಿದ್ದ ರೋಗಿಗಳು ಓಡಲಾರದೆ ಬೆಂದರು. ಸತ್ತವರು ೨೮ ಮಂದಿ. ೨೦೧೭ರ ಮಾನಸಿಕ ಆರೋಗ್ಯ ಕಾನೂನು ರೋಗಿಯನ್ನು ಸರಪಣಿಯಿಂದ ಬಿಗಿಯುವುದನ್ನು ಯಾವ ರೀತಿಯಲ್ಲಿಯೂ ಕೂಡದೆಂದು ನಿಷೇಧಿಸಿದೆ.

ಮನೆಯವರ ವಿಷಯವಾಗಿ ಸ್ವಲ್ಪ ಹೆಚ್ಚಾಗಿ ಹೇಳಬೇಕಾಗಿದೆ. ಏಕೆಂದರೆ ಅವರನ್ನು ದೂರುವುದು ಸುಲಭ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿಯೂ ಅವರ ಸಂಗಡಿಗರೂ ಆಸ್ಪತ್ರೆಯಿಂದ ಗುಣವಾಗಿ ಹಿಂದಿರುಗಿದವರನ್ನು ಗಮನಿಸಿ, ಕಟುನುಡಿ, ಹಗೆತನ, ಅತಿಯಾದ ಕಳವಳ ಇವು ಹೆಚ್ಚಾಗಿರುವ ಮನೆಗಳಲ್ಲಿ ರೋಗವು ಮರುಕಳಿಸುವುದು ಹೆಚ್ಚೆಂದು ೧೯೭೨ರಲ್ಲಿ ತೋರಿಸಿದರು. ಮನೆಯವರು ರೋಗವನ್ನು ಹುಟ್ಟಿಸಿದರೆಂದು ಅದಕ್ಕೆ ಅರ್ಥವಿಲ್ಲ. ಅದು ಮರಳುವ ದಾರಿಯನ್ನು ಅವರು ಕಿರಿದುಮಾಡಬಲ್ಲರೆಂದು ಅರ್ಥ. ೧೯೮೭ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನದಲ್ಲಿ ನಮ್ಮ ದೇಶದ ಕುಟುಂಬಗಳಲ್ಲಿ ಈ ಕಟುತನವು ಲಂಡನ್ನಿಗಿಂತ ಕಡಿಮೆಯಾಗಿಯೇ ಕಂಡುಬಂದಿತು. ಅಮೃತಸರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ೧೯೫೦ರ ದಶಕದಲ್ಲಿಯೇ ಬಂಧುಗಳನ್ನು ಆವರಣದೊಳಗೆ ಡೇರೆಗಳಲ್ಲಿ ಇರಿಸಿಕೊಂಡು ರೋಗಿಗಳ ಶುಶ್ರೂಷೆಯಲ್ಲಿ ಸೇರಿಸಿದರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಚಿಕಿತ್ಸಾಕೇಂದ್ರದಲ್ಲಿಯೂ ಮನೆಯವರೊಬ್ಬರು ರೋಗಿಯ ಜೊತೆಯಲ್ಲಿರುವ ಕ್ರಮವುಂಟು. ಮಾತ್ರೆಯನ್ನೂ ಪ್ರಾರ್ಥನೆಯನ್ನೂ ಒಂದೇ ಸೂರಿನಡಿ ಇರಿಸಿಕೊಂಡ ಕ್ರೈಸ್ತರೇ ಇರುವಾಗ, ಎರಡಕ್ಕೂ ವಿರೋಧವೆಂದು ಹಳ್ಳಿಯ ಬೋಧಕರು ಏಕೆ ಹೇಳಬೇಕೋ ನಾನರಿಯೆ.

ಸಭೆಯವರು ಮಾಡಬಹುದಾದುದು ಮಹತ್ತಾದುದೇನೂ ಅಲ್ಲ. ಮಿತ್ರರ ಮನೆಯಲ್ಲಿ ಹಿಂದೊಮ್ಮೆ ವಿಷಮಶೀತಜ್ವರ ಬಂದಾಗ ಎರಡು ವಾರ ಒಲೆ ಹಚ್ಚುವ ಪ್ರಮೇಯವೇ ಬರಲಿಲ್ಲ. ನೆರೆಯ ಹೆಂಗಸರು ಗಂಜಿ, ಸಾರು ತಂದಿಡುತ್ತಿದ್ದರು. ಮಗನ ಚಿತ್ತ ಕೆಟ್ಟಾಗ ಒಬ್ಬರೂ ಬರಲಿಲ್ಲ. ಬಂದವರು ಬುದ್ಧಿವಾದವನ್ನು ತಂದರು. ಗಂಜಿಯನ್ನು ತಂದಿದ್ದರೆ ಸಾಕಾಗುತ್ತಿತ್ತು. ಹುಡುಗನು ಚೇತರಿಸಿಕೊಂಡ ಮೇಲೆ ಸಭೆಯ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಬೇಕೆಂಬ ಉತ್ಸಾಹವನ್ನು ತಾಯಿಯು ತಡೆದದ್ದು ಒಳ್ಳೆಯದಾಯಿತು. ವೈದ್ಯರನ್ನು ಕೇಳದೆ ಔಷಧವನ್ನು ಬಿಡಿಸುವುದಂತೂ ಯಾವ ಹಿರಿಯರ ಅಧಿಕಾರಕ್ಕೂ ಸೇರಿದುದಲ್ಲ. ಮದುವೆ ಮಾಡಿಬಿಟ್ಟರೆ ಸರಿಹೋಗುವನೆಂಬ ಸಲಹೆ ಎಲ್ಲ ಮತದವರಲ್ಲಿಯೂ ಇದೆ. ಅದರಿಂದ ಎರಡನೆಯ ಮನೆಯೊಂದು ಕೆಡುವುದನ್ನು ನಾವು ಕಂಡಿಲ್ಲವೆ?

ಇನ್ನು ಕಷ್ಟವಾದ ಮಾತು. ಸಾಯಬೇಕೆನ್ನಿಸುತ್ತದೆಯೆ ಎಂದು ಹರೆಯದವರನ್ನು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದೆಂಬ ಭಯ ತಾಯ್ತಂದೆಗಳಲ್ಲಿ ಬಹಳ. ವೈದ್ಯರು ಅದನ್ನು ಅಲ್ಲಗಳೆಯುತ್ತಾರೆ. ಕೇಳಿದ್ದರಿಂದಲೇ ಎದೆ ಹಗುರಾದವರುಂಟು. ಕಥೋಲಿಕ ಸಭೆಯ ೧೯೧೭ರ ನ್ಯಾಯಸಂಹಿತೆಯು ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಸಭೆಯ ಅಂತ್ಯಸಂಸ್ಕಾರವನ್ನು ನಿಷೇಧಿಸಿದ್ದಿತು. ೧೯೮೩ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ಸಾಯಲೆತ್ನಿಸಿದವರು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದೆಂದು ನಮ್ಮ ೨೦೧೭ರ ಕಾನೂನೂ ಹೇಳುತ್ತದೆ. ನಿಯಮಗಳು ಬದಲಾದವು, ಊರ ಬಾಯಿ ಬದಲಾಗಿಲ್ಲ.

ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿ ವ್ಯವಸ್ಥೆ ೨೦೨೨ರ ಅಕ್ಟೋಬರಿನಿಂದ ನಡೆಯುತ್ತಿದೆ, ಸಂಖ್ಯೆ ೧೪೪೧೬, ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ಊರಿನ ಸಭಾಪಾಲಕರು ಅದನ್ನು ದೇವಾಲಯದ ಬಾಗಿಲ ಬಳಿ, ವಿವಾಹಪ್ರಕಟಣೆಗಳನ್ನು ಹಾಕುವ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸಿದರು. ಮೊದಲ ವಾರ ಅದನ್ನು ಯಾರೋ ಅಳಿಸಿದ್ದರು. ಅವರು ಮತ್ತೆ ಬರೆಯಿಸಿದ್ದಾರೆ.