ಗಣಿತದಲ್ಲೊಂದು ಜಂಗಮ ತತ್ತ್ವ

ಶರಣರ ಪರಿಭಾಷೆಯಲ್ಲಿ ಸ್ಥಾವರ, ಜಂಗಮ ಎಂಬೆರಡು ಪದಗಳಿಗೆ ವಿಶೇಷ ಸ್ಥಾನವಿದೆ. ದೇಹವನ್ನೇ ದೇಗುಲವಾಗಿ ಕಂಡ ವಚನದಲ್ಲಿ ವಿಶ್ವಗುರು ಬಸವಣ್ಣನವರು ನಿಂತ ಕಟ್ಟಡಕ್ಕಿಂತ ನಡೆದಾಡುವ ಚೈತನ್ಯವೇ ಹಿರಿದೆಂದು ಸಾರಿದರು. ಈ ತತ್ತ್ವವು ಪ್ರವಚನ ಮಂಟಪಕ್ಕಷ್ಟೇ ಸೀಮಿತವಲ್ಲ. ಕಾಲೇಜಿನ ಗಣಿತದ ತರಗತಿಯಲ್ಲಿಯೂ ಅದರ ಬೆಳಕು ಬೀಳುವುದುಂಟು.

ಪ್ರಸಾದ ನಿಲಯದಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನಿಗೆ ಅವಕಲನದ ಪಾಠವು ಕಬ್ಬಿಣದ ಕಡಲೆಯಾಗಿತ್ತು. ಎರಡು ಕಿರುಪರೀಕ್ಷೆಗಳಲ್ಲಿ ಅನುತ್ತೀರ್ಣನಾದ ಅವನು ಓದನ್ನೇ ತೊರೆದು ಊರಿಗೆ ಮರಳಲು ಯೋಚಿಸುತ್ತಿದ್ದನು. ಸಾಲ ಮಾಡಿ ಓದಿಸುತ್ತಿದ್ದ ತಂದೆಗೆ ಆ ಮಾತನ್ನು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಅವನನ್ನು ಕಾಡಿದ್ದು ಏಣಿಯ ಲೆಕ್ಕ. 5 ಮೀಟರ್ ಉದ್ದದ ಏಣಿಯೊಂದು ಗೋಡೆಗೆ ಒರಗಿದೆ. ಅದರ ಬುಡವು ಸೆಕೆಂಡಿಗೆ 12 ಸೆಂ.ಮೀ. ವೇಗದಲ್ಲಿ ಗೋಡೆಯಿಂದ ದೂರ ಸರಿಯುತ್ತಿದೆ. ಬುಡವು 3 ಮೀಟರ್ ದೂರದಲ್ಲಿರುವಾಗ ತುದಿಯು ಯಾವ ವೇಗದಲ್ಲಿ ಇಳಿಯುತ್ತದೆ? ಆಗ ತುದಿಯ ಎತ್ತರ 4 ಮೀಟರ್. ಅವನು ಮೊದಲೇ 3 ಮತ್ತು 4ನ್ನು ಸಮೀಕರಣದಲ್ಲಿ ತುಂಬಿ ಬಳಿಕ ಅವಕಲಿಸುತ್ತಿದ್ದನು. ಸ್ಥಿರಸಂಖ್ಯೆಯ ಅವಕಲನ ಸೊನ್ನೆ. ಎಲ್ಲವೂ ಸೊನ್ನೆಯಾಗಿ ಉತ್ತರವೇ ಮಾಯವಾಗುತ್ತಿತ್ತು.

ಒಂದು ದಿನ ಉಪನ್ಯಾಸಕರು ಹೇಳಿದರು: “ತಮ್ಮಾ, ಚಲಿಸುವುದನ್ನು ಕಟ್ಟಿಹಾಕಿ ಅದರ ವೇಗವನ್ನು ಕೇಳಿದರೆ ಅದೇನು ಹೇಳೀತು? ಮೊದಲು ಸಂಬಂಧವನ್ನು ಬರೆ. ಅದನ್ನು ಕಾಲದೊಡನೆ ನಡೆಯಲು ಬಿಡು. ಬೆಲೆಗಳನ್ನು ಕೊನೆಗೆ ಹಾಕು.”

ದೂರದ ವರ್ಗ, ಎತ್ತರದ ವರ್ಗ ಇವೆರಡರ ಮೊತ್ತ ಸದಾ 25. ಎತ್ತರವನ್ನು ಬೇರ್ಪಡಿಸದೆ, ಸಂಬಂಧವಿದ್ದಂತೆಯೇ ಅವಕಲಿಸುವುದು ಇಂಪ್ಲಿಸಿಟ್ ವಿಧಾನ. ಹಾಗೆ ಮಾಡಿದಾಗ, ದೂರವನ್ನು ಅದರ ವೇಗದಿಂದಲೂ ಎತ್ತರವನ್ನು ಅದರ ವೇಗದಿಂದಲೂ ಗುಣಿಸಿ ಕೂಡಿದರೆ ಸೊನ್ನೆ ಬರುತ್ತದೆ. 3ನ್ನು 12ರಿಂದ ಗುಣಿಸಿ 4ರಿಂದ ಭಾಗಿಸಿದರೆ 9. ತುದಿಯು ಸೆಕೆಂಡಿಗೆ 9 ಸೆಂ.ಮೀ. ಇಳಿಯುತ್ತದೆ. ಬುಡವು ಅದೇ ವೇಗದಲ್ಲಿ ಸರಿದು 4 ಮೀಟರ್ ತಲುಪಿದಾಗ ಇಳಿತದ ವೇಗ 16 ಸೆಂ.ಮೀ. ಆಗುತ್ತದೆ. ನ್ಯೂಟನ್ ಬರೆದು 1736ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಬದಲಾಗುವ ಪರಿಮಾಣಗಳಿಗೆ ‘ಫ್ಲೂಯೆಂಟ್’, ಅಂದರೆ ಹರಿಯುವಂಥವು, ಎಂಬ ಹೆಸರಿದೆ. ಅವು ಗಣಿತದ ಜಂಗಮಗಳು.

ಲೆಕ್ಕ ಬಿಡಿಸಿದ ವಿದ್ಯಾರ್ಥಿಗೆ ಅದರಾಚೆಯ ಅರ್ಥವೊಂದು ಹೊಳೆಯಿತು. ಎರಡು ಪರೀಕ್ಷೆಗಳ ಅಂಕಗಳನ್ನು ತನ್ನ ಬದುಕಿನ ಸಮೀಕರಣದಲ್ಲಿ ಮೊದಲೇ ತುಂಬಿ, ತನ್ನ ಬೆಳವಣಿಗೆ ಸೊನ್ನೆಯೆಂದು ಅವನು ತೀರ್ಮಾನಿಸಿದ್ದನು. ನಡೆಯುತ್ತಿದ್ದವನನ್ನು ಸ್ಥಾವರವೆಂದು ಬಗೆದಿದ್ದನು. ಊರಿಗೆ ಮರಳುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಶರಣರು ಸಾಧಕನನ್ನು ಅಳೆದದ್ದು ಇಂದು ನಿಂತ ಮೆಟ್ಟಿಲಿನಿಂದಲ್ಲ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲಗಳು ನಡೆಯುವವನ ದಾರಿ. ಏಣಿಯು ಸರಿದರೂ ಅದರ ಉದ್ದ ಬದಲಾಗದು. ಅಂತೆಯೇ ಅಂಗದ ಸ್ಥಿತಿಗತಿಗಳು ಏರಿಳಿದರೂ ಅಂಗ-ಲಿಂಗ ಸಂಬಂಧವು ಅಚಲವಾಗಿರಬೇಕು. ಆ ನಿಷ್ಠೆಯೊಂದಿದ್ದರೆ ಒಂದೆಡೆಯ ಸಣ್ಣ ಚಲನೆಯೂ ಮತ್ತೊಂದೆಡೆ ತನ್ನ ಫಲವನ್ನು ತೋರಿಯೇ ತೀರುತ್ತದೆ. ಮಕ್ಕಳನ್ನಾಗಲಿ ತಮ್ಮನ್ನಾಗಲಿ ಒಂದು ದಿನದ ಬೆಲೆಯಿಂದ ಅಳೆಯದಿರುವುದು ಸದ್ಭಕ್ತರಿಗೆ ಭೂಷಣ.