ಹೊಳೆಯ ದಂಡೆಯೂ ಶಾಲೆಯ ಮಕ್ಕಳೂ

ನಮ್ಮ ವಿಜಯಪುರ ಜಿಲ್ಲೆಯನ್ನು ಬರದ ನಾಡೆಂದು ಕರೆಯುವದು ರೂಢಿಯಾಗಿದೆ. ಆದರೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆಯೂ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಗೆ ಕೃಷ್ಣೆಯೂ, ನಡುವೆ ಡೋಣಿಯೂ ಹರಿಯುತ್ತಿರುವವು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳೆಂದು ಹಿರಿಯರು ಆಡಿದ ಮಾತು ಸುಳ್ಳಲ್ಲ. ನೀರಿಲ್ಲವೆಂಬುದೊಂದೇ ನಮ್ಮ ದುಃಖವಲ್ಲ. ಬಂದ ನೀರು ನೆಲವನ್ನೇ ಕೊಚ್ಚಿಕೊಂಡು ಹೋಗುವದು ಎರಡನೆಯ ದುಃಖವು. 2020ನೆಯ ಇಸವಿಯ ಅಕ್ಟೋಬರದಲ್ಲಿ ಭೀಮೆಯು ದಂಡೆ ಮೀರಿ ಬಂದಾಗ ಇದನ್ನು ಕಣ್ಣಾರೆ ಕಂಡೆವು.

ಕಾರಣವು ಗೂಢವಾದುದಲ್ಲ. ಎರೆಯ ನೆಲವು ಬೇಸಗೆಯಲ್ಲಿ ಬಿರಿಯುವದು, ಮಳೆಗೆ ಉಬ್ಬುವದು. ಬಿರುಕಿನೊಳಗೆ ನೀರು ಹೊಕ್ಕು, ಪ್ರವಾಹವು ಬುಡವನ್ನು ಕೊರೆದರೆ, ಮೇಲಿನ ಮಣ್ಣು ಹಳೆಯ ಗೋಡೆಯಂತೆ ಕುಸಿಯುವದು. ಅದನ್ನು ಬಿಗಿಹಿಡಿಯಬಲ್ಲುದು ಗಿಡಗಳ ಬೇರು. ಆದರೆ ದಂಡೆಯ ಗಿಡಗಳನ್ನು ಕಡಿದು, ಅಂಚಿನ ವರೆಗೂ ನೇಗಿಲು ಹೊಡೆದಿದ್ದೇವೆ. ಬರಿದಾದೆಡೆಯಲ್ಲಿ, 19ನೆಯ ಶತಮಾನದಲ್ಲಿ ಅಮೇರಿಕಾ ಖಂಡದಿಂದ ಬಂದ ಬಳ್ಳಾರಿ ಜಾಲಿಯು ಹಬ್ಬಿ, ನಾಡಗಿಡಗಳಿಗೆ ಎಡೆಗೊಡದಾಗಿದೆ.

2016ರಲ್ಲಿ ನಮ್ಮ ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನವು ಮೊದಲಾಯಿತು. ಸಸಿ ನೆಡುವ ಉತ್ಸಾಹವು ಶಾಲೆಗಳನ್ನೂ ಮುಟ್ಟಿತು. ಆದರೆ ನೆಡುವದು ಒಂದು ದಿನದ ಸಮಾರಂಭ. ಬೆಳೆಸುವದು ವರ್ಷಗಳ ವ್ರತ. ಆದುದರಿಂದ ನಾನು ಉಪಾಧ್ಯಾಯನಾಗಿದ್ದ ಡೋಣಿದಂಡೆಯ ಹಳ್ಳಿಯಲ್ಲಿ ಮಕ್ಕಳು ಬೀಜದಿಂದಲೇ ಆರಂಭಿಸಿದರು. ಬೇಸಗೆಯಲ್ಲಿ ಉದುರಿದ ಹುಲಗಲ ಕಾಯಿಗಳನ್ನು ಆಯ್ದರು. ಕರಿಜಾಲಿಯ ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಬಿಸಿನೀರಲ್ಲಿ ನೆನೆಯಿಟ್ಟರು. ನೇರಲ ಬೀಜವು ಬಹುಕಾಲ ಬಾಳದು. ಹಣ್ಣು ತಿಂದೊಡನೆಯೇ ಊರಿದರು. ಲಕ್ಕಿಯ ಟೊಂಗೆಗಳನ್ನೇ ಕಡಿದು ನೆಟ್ಟರು. ಪುಸ್ತಕದ ಹತ್ತು ಪಾಠಗಳಿಂದ ಬಾರದ ತಾಳ್ಮೆಯು ಒಂದು ಮೊಳಕೆಯಿಂದ ಬಂದುದನ್ನು ನಾನು ಕಂಡೆನು.

ಸಸಿಗಳು ಸಿದ್ಧವಾದವು, ನೆಲವೆಲ್ಲಿ? ಒಬ್ಬ ಹುಡುಗನು ಹೊಳೆಯಂಚಿನ ನಾಲ್ಕು ಸಾಲುಗಳನ್ನು ಬಿಡಬೇಕೆಂದು ತಂದೆಯನ್ನು ಬೇಡಿದನು. “ಆ ನಾಕ ಸಾಲಿನ ಜ್ವಾಳಾ ನಿಮ್ಮ ಮಾಸ್ತರು ಕೊಡ್ತಾರೇನಪಾ?” ಎಂದನು ಆ ಒಕ್ಕಲಿಗನು. ಮಾತು ಕಟುವಾದರೂ ನ್ಯಾಯವಾದುದೇ. ಹೊಟ್ಟೆಯ ಲೆಕ್ಕವನ್ನು ಬಿಟ್ಟು ಹೇಳಿದ ವೃಕ್ಷಧರ್ಮವು ಬಡವನ ಮನೆಯಲ್ಲಿ ನಿಲ್ಲದು. ಹುಡುಗನು ವಾದಿಸಲಿಲ್ಲ, ತಂದೆಯನ್ನು ದಂಡೆಗೆ ಕರೆದೊಯ್ದು, ಹಿಂದಿನ ಮಳೆಗಾಲದಲ್ಲಿ ಹೊಳೆಯು ನುಂಗಿದ ಸಾಲುಗಳನ್ನು ಎಣಿಸೆಂದನು. ತಂದೆಯು ನಾಲ್ಕು ಬಿಡಲಿಲ್ಲ, ಎರಡು ಬಿಟ್ಟನು.

ಇನ್ನೊಂದು ಕಷ್ಟವುಂಟು. ಗಿಡಕ್ಕೆ ನೀರು ಅತ್ಯಗತ್ಯವಾದ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಶಾಲೆಗೆ ಸೂಟಿ. ಆಗ ಕೊಡ ಹೊರುವವರು ಯಾರು? ಮನೆಯವರು ಕೈಗೂಡಿಸಿದಲ್ಲಿ ಸಸಿಗಳು ಉಳಿದವು, ಉಳಿದಲ್ಲಿ ಒಣಗಿದವು. ಇದರಿಂದ ಈ ಕಾರ್ಯವು ಬರಿಯ ಶಾಲೆಯದಲ್ಲ, ಮನೆಮನೆಯದೆಂದು ಸ್ಪಷ್ಟವಾಗುವದು.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ನಿಮ್ಮ ಮಗುವು ಬೇಸಗೆಯಲ್ಲಿ ಕೈತುಂಬ ಹುಲಗಲ ಬೀಜ ತಂದರೆ ಕಸವೆಂದು ಚೆಲ್ಲಬೇಡಿರಿ. ಒಂದು ಕೊಡ ನೀರನ್ನು ಅದಕ್ಕೆಂದು ಮೀಸಲಿಡಿರಿ.