ಗಾದಿಯ ಮೇಲಿನ ಫೋನು

ವ್ಯಾಪಾರಸ್ಥರ ಮನೆತನಗಳಲ್ಲಿ ಫೋನು ಯಾರ ಕೈಗೆ ಹತ್ತಿರವೋ ಅವರೇ ಯಜಮಾನರು ಎಂಬ ಭಾವನೆ ಹಿಂದಿನಿಂದಲೂ ಬಂದಿದೆ. ಸೊಲ್ಲಾಪುರದ ನಮ್ಮ ಅಡತಿ ಅಂಗಡಿಯೂ ಇದಕ್ಕೆ ಹೊರತಲ್ಲ. ಅಂಗಡಿ, ಗೋದಾಮು, ಅಕ್ಕಲಕೋಟೆಯ ಶಾಖೆ ಈ ಮೂರನ್ನೂ ಕೂಡಿಸಿ ಇಂಟರ್‌ನೆಟ್ ಮೇಲೆ ನಡೆಯುವ ಮೇಜಿನ ಫೋನುಗಳನ್ನು ಹಾಕಿಸಿದಾಗ ತಂತಿ, ಯಂತ್ರಗಳ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಗಿರಾಕಿಗಳಿಗೆ ಗೊತ್ತಿರುವುದು ಒಂದೇ ನಂಬರು. ಅದಕ್ಕೆ ಕರೆ ಬಂದರೆ ಮೊದಲು ಯಾರ ಫೋನು ರಿಂಗಾಗಬೇಕು ಎಂಬುದು ತೀರ್ಮಾನವಾಗಲು ಹದಿನೈದು ದಿನ ಹಿಡಿಯಿತು.

ಇಂಥ ಫೋನು ಹಾಕಿಸಬೇಕೆಂದಿರುವ ಧರ್ಮಬಂಧುಗಳಿಗಾಗಿ ಮೊದಲು ಯಂತ್ರದ ಮಾತು. ಈ ಫೋನೆಂದರೆ ಒಂದು ಸಣ್ಣ ಕಂಪ್ಯೂಟರು. ಪ್ರತಿಯೊಂದಕ್ಕೂ ಒಂದು ಒಳನಂಬರು, ಒಂದು ಪಾಸ್‌ವರ್ಡು ಇರುತ್ತದೆ. ಇವು ಬಳಸುವ ‘ಸಿಪ್’ ಎಂಬ ನಿಯಮಾವಳಿ 1999ರಲ್ಲಿ ಹೊರಬಂದು 2002ರಲ್ಲಿ ಪರಿಷ್ಕೃತವಾಯಿತು. ಆದ್ದರಿಂದ ಬೇರೆ ಬೇರೆ ಕಂಪನಿಯ ಫೋನುಗಳನ್ನು ಒಂದೇ ವ್ಯವಸ್ಥೆಯಲ್ಲಿ ಕೂಡಿಸಬಹುದು. ಒಂದು ಮಾತುಕತೆಗೆ ಸುಮಾರು 100 ಕಿಲೋಬಿಟ್ ವೇಗ ಸಾಕು. ಚಿಂತೆ ಇರುವುದು ಕರೆಂಟಿನದು. ಹಳೆಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿತ್ತು, ಲೈಟು ಹೋದರೂ ನಡೆಯುತ್ತಿತ್ತು. ಇದು ಹಾಗಲ್ಲ. ನೆಟ್ ತಂತಿಯಲ್ಲಿಯೇ ವಿದ್ಯುತ್ತನ್ನೂ ಕಳಿಸುವ ಸ್ವಿಚ್ ಕೊಂಡು, ಆ ಸ್ವಿಚ್ಚು, ರೂಟರು, ಫೈಬರ್ ಪೆಟ್ಟಿಗೆ ಮೂರಕ್ಕೂ ಯುಪಿಎಸ್ ಕೊಟ್ಟರೆ ಫೋನುಗಳೆಲ್ಲ ಬದುಕಿರುತ್ತವೆ. ಫೋನಿನ ಹಿಂದೆ ಎರಡು ಕಿಂಡಿಗಳಿರುತ್ತವೆ: ಒಂದು ಸ್ವಿಚ್ಚಿಗೆ, ಇನ್ನೊಂದು ಪಕ್ಕದ ಕಂಪ್ಯೂಟರಿಗೆ. ಅಂಗಡಿಯ ಹುಡುಗ ಎರಡನ್ನೂ ಸ್ವಿಚ್ಚಿಗೇ ಸಿಕ್ಕಿಸಿದರೆ ಇಡೀ ಕಚೇರಿಯ ನೆಟ್ ನಿಂತುಹೋದೀತು. ಬರೆಯುತ್ತ ಮಾತಾಡುವ ಮುನೀಮರಿಗೆ ಹೆಡ್‌ಸೆಟ್ ತರುವ ಮೊದಲು ಫೋನಿನ ಕಿಂಡಿ ಯುಎಸ್‌ಬಿಯೋ ಸಣ್ಣ ಚೌಕದ್ದೋ ನೋಡಿಕೊಳ್ಳಬೇಕು.

ಇನ್ನು ನಮ್ಮ ಹದಿನೈದು ದಿನದ ಕಥೆ. ಜೋಡಿಸಲು ಬಂದವರು ‘ದರಕ್ಕೆ ಒಂದು ಒತ್ತಿ, ಲೆಕ್ಕಕ್ಕೆ ಎರಡು ಒತ್ತಿ’ ಎನ್ನುವ ಧ್ವನಿಯನ್ನು ಸೂಚಿಸಿದರು. ಅವರಲ್ಲಿದ್ದ ಧ್ವನಿ ಹಿಂದಿ, ಇಂಗ್ಲಿಷಿನದು. ಗಾದಿಯ ಮೇಲಿದ್ದ ಕಾಕಾ ಸಿಟ್ಟಾದರು. “ಇಂಡಿ ಕಡಿಂದ ರೈತ ತೊಗರಿ ದರ ಕೇಳಾಕ ಫೋನ್ ಹಚ್ಚತಾನ. ಅವನ ಕೂಡ ಮಶೀನ್ ಮಾತಾಡಬೇಕೇನು? ನಾವೇನು ಸತ್ತೇವೇನು?” ಇದಕ್ಕೆ ಎಲ್ಲರೂ ಒಪ್ಪಿದೆವು. ಆದರೆ ಹುಡುಗರಿಗೆ ಎಲ್ಲ ಫೋನುಗಳೂ ಒಮ್ಮೆಲೇ ರಿಂಗಾಗಬೇಕು. ಹಾಗೆ ಮಾಡಿದರೆ ಇನ್ನೊಬ್ಬರು ಎತ್ತಿಯಾರೆಂದು ಯಾರೂ ಎತ್ತುವುದಿಲ್ಲ, ಇದು ನಮ್ಮ ಮನೆಯ ಬಾಗಿಲಿನ ಗಂಟೆಯಿಂದಲೇ ಗೊತ್ತಿತ್ತು. ಕೊನೆಗೆ ಕಾಕಾ ಅವರ ಫೋನು ಮೊದಲ ಹನ್ನೆರಡು ಸೆಕೆಂಡು, ಆಮೇಲೆ ಅಣ್ಣನದು, ಆಮೇಲೆ ಉಳಿದವರದು ಎಂದಾಯಿತು. ಕಾಕಾ ಅವರಿಗೆ ಕಿವಿ ಮಂದ. ಅವರದಕ್ಕೆ ಗಂಟೆಯನ್ನು ಪೂರ್ತಿ ಏರಿಸಿದೆವು. ಕರೆಯನ್ನು ದಾಟಿಸುವ ಗುಂಡಿಯನ್ನು ಮಾತ್ರ ಅವರು ಮುಟ್ಟಲಿಲ್ಲ. ಗಾದಿಯಿಂದಲೇ ಮುನೀಮರನ್ನು ಕೂಗುತ್ತಿದ್ದರು.

ಆಡಳಿತದ ಪಾಸ್‌ವರ್ಡು ಮನೆಯ ಕಿರಿಯ ಸೊಸೆಯ ಕೈಯಲ್ಲಿದೆ. ಗಂಡಸರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ, ಆದರೆ ತಿಳಿದವಳು ಅವಳೊಬ್ಬಳೇ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡು ಜಗತ್ತಿಗೆಲ್ಲ ಗೊತ್ತಿರುವಂಥದು. ಅದನ್ನು ಬದಲಿಸದಿದ್ದರೆ ಕಳ್ಳರು ರಾತ್ರಿ ಒಳನುಗ್ಗಿ ವಿದೇಶಕ್ಕೆ ಕರೆ ಮಾಡುತ್ತಾರೆ, ಬಿಲ್ಲು ನಮಗೆ ಬರುತ್ತದೆ. ಅವಳು ಅದನ್ನು ಬದಲಿಸಿ, ವಿದೇಶದ ಕರೆಗಳನ್ನೇ ಮುಚ್ಚಿದಳು. ಎಲ್ಲ ಕರೆಗಳ ಧ್ವನಿಯನ್ನು ವರ್ಷಗಟ್ಟಲೆ ಕೂಡಿಡಬಹುದೆಂದಾಗ, ಅದೂ ಪರಿಗ್ರಹವೇ ಎಂದು ಅತ್ತೆಯವರು ಅಂದರು. ದರ ಕುದುರಿಸುವ ಕರೆಗಳನ್ನಷ್ಟೇ, ಎದುರಿನವರಿಗೆ ತಿಳಿಸಿ, ಮೂವತ್ತು ದಿನ ಇಡುತ್ತೇವೆ. ಸೂರ್ಯಾಸ್ತದ ಮೊದಲಿನ ಊಟಕ್ಕಾಗಿ ಸಂಜೆ ಫೋನುಗಳು ಸುಮ್ಮನಾಗುತ್ತವೆ. ಕಾರ್ತಿಕದಲ್ಲಿ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ, ಜೂನ್‌ನಲ್ಲಿ ಏಳರವರೆಗೆ ಇರುತ್ತಾನೆ. ಆದ್ದರಿಂದ ಸೊಸೆ ಪಂಚಾಂಗ ನೋಡಿ ವೇಳೆ ಬದಲಿಸುತ್ತಾಳೆ. ಆಗ ಬಂದ ಕರೆ ರಾತ್ರಿ ಉಣ್ಣುವ ಮುನೀಮರ ಮೊಬೈಲಿಗೆ ಹೋಗುತ್ತದೆ.

ಭಾದ್ರಪದದ ದಶಲಕ್ಷಣ ಪರ್ವಕ್ಕೆ ಕಾಕಾ ಹತ್ತು ದಿನ ಬಸದಿಯಲ್ಲಿಯೇ ಇದ್ದರು. ಹೋಗುವ ಮುನ್ನ ಮೊದಲ ಕರೆಯನ್ನು ಅಣ್ಣನ ಹೆಸರಿಗೆ ಹಾಕಿಸಿದರು. ಪರ್ವ ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡಲೇ ಎಂದು ಸೊಸೆ ಕೇಳಿದಳು. “ಇರಲಿ ಬಿಡವಾ” ಎಂದರು. ಈಗ ಅವರ ಫೋನು ಎರಡನೆಯದಾಗಿ ರಿಂಗಾಗುತ್ತದೆ, ಗಂಟೆ ಪೂರ್ತಿ ಏರಿಸಿದ್ದು ಹಾಗೆಯೇ ಇದೆ.